'ತಾನಾಗಿಯೇ' ಎಂದು ಬರೆದ ಲೇಖಕರಿಗೆ

ನಮಸ್ಕಾರ. ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರಿಟ್ಟ ಟ್ಯಾಗ್‌ಗಳೊಳಗೆ ಬರೆದಿಡುವ ರೂಪ) ಕಡತದ ಮಾಹಿತಿಯನ್ನು ವೆಬ್ ಪುಟದ ಎಚ್‌ಟಿಎಂಎಲ್ ಟೇಬಲ್‌ಗೆ ಜೋಡಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಪುಸ್ತಕಪಟ್ಟಿಯ ಉದಾಹರಣೆಯೂ ಒಪ್ಪುತ್ತದೆ. ಆದರೆ ನಾಲ್ಕನೇ ಪ್ಯಾರಾದ ಒಂದು ವಾಕ್ಯ ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ: "ಇಷ್ಟು ಬರೆದರೆ ಮಾಹಿತಿ ತಾನಾಗಿಯೇ ಟೇಬಲ್‌ನಲ್ಲಿ ತುಂಬಿಕೊಳ್ಳುತ್ತದೆ."

ತಾನಾಗಿಯೇ ಯಾವುದೂ ತುಂಬಿಕೊಳ್ಳುವುದಿಲ್ಲ. ನೀವು ತೋರಿಸಿದ ವಿಧಾನದಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಪುಟದೊಳಗೇ ಎಕ್ಸ್‌ಎಂಎಲ್ ಇಡುವ 'ಡೇಟಾ ಐಲ್ಯಾಂಡ್' 1999ರಲ್ಲಿ ಅದರ 5ನೇ ಆವೃತ್ತಿಯೊಂದಿಗೆ ಬಂತು. ಟೇಬಲ್‌ ಟ್ಯಾಗ್‌ಗೆ ಬರೆಯುವ ಡೇಟಾಎಸ್‌ಆರ್‌ಸಿ ಎಂಬ ಗುಣ ಆ ಐಲ್ಯಾಂಡ್‌ನ ಐಡಿಯನ್ನು (ಗುರುತಿನ ಹೆಸರನ್ನು) ಹೇಳುತ್ತಿತ್ತು, ಒಳಗಿನ ಡೇಟಾಎಫ್‌ಎಲ್‌ಡಿ ಎಂಬ ಗುಣ ಯಾವ ಎಲಿಮೆಂಟ್ (ಪುಸ್ತಕದ ಹೆಸರಿನಂಥ ಒಂದು ತುಣುಕು) ಬೇಕೆಂದು ಹೇಳುತ್ತಿತ್ತು, ಬ್ರೌಸರ್ ಒಂದೊಂದು ದಾಖಲೆಗೂ ಒಂದೊಂದು ಸಾಲು ಮೂಡಿಸುತ್ತಿತ್ತು. 2012ರ 10ನೇ ಆವೃತ್ತಿ ವೆಬ್‌ನ ಸಾಮಾನ್ಯ ನಿಯಮಗಳಂತೆ ಪುಟ ತೋರಿಸುವ ತನ್ನ ಸ್ಟ್ಯಾಂಡರ್ಡ್ಸ್ ಮೋಡ್‌ನಲ್ಲಿ ಇದನ್ನು ಕೈಬಿಟ್ಟಿತು. ಇವತ್ತು ನಿಮ್ಮ ಮಾತು ನಂಬಿ ಕೋಡ್ ಬರೆದವರಿಗೆ ಕಾಣುವುದು ಖಾಲಿ ಟೇಬಲ್. ತಪ್ಪು ತಮ್ಮದೇ ಎಂದುಕೊಂಡು ಅವರು ರಾತ್ರಿಯಿಡೀ ಹುಡುಕುತ್ತಾರೆ. ನನಗೆ ಸಿಟ್ಟು ಬಂದದ್ದು ಇದಕ್ಕೆ.

ಮುಂದಿನ ಸಾಲು: "ಟಿಡಿಗೆ ಡೇಟಾಎಫ್‌ಎಲ್‌ಡಿ ಸೇರಿಸಿ." ಟಿಡಿ ಎಂದರೆ ಟೇಬಲ್‌ನ ಒಂದು ಕೋಶ. ಆ ಹಳೆಯ ಬ್ರೌಸರ್‌ನಲ್ಲೂ ಇದು ನಡೆಯುತ್ತಿರಲಿಲ್ಲ. ಟಿಡಿಗೆ ಮಾಹಿತಿ ಅಂಟುತ್ತಿರಲಿಲ್ಲ; ಅದರೊಳಗೆ ಸ್ಪ್ಯಾನ್ ಅಥವಾ ಡಿವ್ ಟ್ಯಾಗ್ ಇಟ್ಟು, ಡೇಟಾಎಫ್‌ಎಲ್‌ಡಿಯನ್ನು ಅದಕ್ಕೆ ಕೊಡಬೇಕಿತ್ತು. ಕೆಲಸ ಕಲಿಯುತ್ತಿದ್ದಾಗ ನಾನೂ ಟಿಡಿಗೇ ಬರೆದು ಒಂದಿಡೀ ಸಂಜೆ ಕಳೆದಿದ್ದೆ. ಎರರ್ ಕೂಡ ಬರುತ್ತಿರಲಿಲ್ಲ. ಕಡೆಗೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, "ಇಲ್ಲಿ ಯಾರು ಯಾರಿಗೆ ಕೊಡುತ್ತಿದ್ದಾರೆ, ಬಾಯಿಬಿಟ್ಟು ಹೇಳು" ಎಂದರು. ಹೇಳಲು ಹೊರಟೆ, ಟಿಡಿ ಹತ್ತಿರ ಬಂದಾಗ ಮಾತು ನಿಂತಿತು. ಅಂದಿನಿಂದ ಕರ್ತೃವಿಲ್ಲದ ವಾಕ್ಯ ಕಂಡರೆ ಅಲ್ಲೇ ನಿಲ್ಲುತ್ತೇನೆ.

ಆ ಪ್ಯಾರಾವನ್ನು ಹೊಸದಾಗಿ ಬರೆಯಿರಿ. ಜಾವಾಸ್ಕ್ರಿಪ್ಟ್‌ನಲ್ಲಿ ಕರೆಯುವ, ಬ್ರೌಸರ್‌ನದ್ದೇ ಆದ ಫೆಚ್ ಕಡತ ತರುತ್ತದೆ. ಬ್ರೌಸರ್‌ನ ಇನ್ನೊಂದು ಸಾಧನ ಡಾಮ್‌ಪಾರ್ಸರ್ ಆ ಪಠ್ಯವನ್ನು ಎಲಿಮೆಂಟ್‌ಗಳ ಮರವಾಗಿಸುತ್ತದೆ. ನಿಮ್ಮ ಲೂಪ್ ಒಂದೊಂದು ಪುಸ್ತಕಕ್ಕೂ ಸಾಲು ಕಟ್ಟಿ, ಹೆಸರನ್ನು ಕೋಶದ ಟೆಕ್ಸ್ಟ್‌ಕಂಟೆಂಟ್‌ಗೆ, ಅಂದರೆ ಬರೀ ಪಠ್ಯವಾಗಿ, ಹಾಕುತ್ತದೆ. ಕೊಟ್ಟದ್ದನ್ನು ಎಚ್‌ಟಿಎಂಎಲ್ ಎಂದೇ ಓದುವ ಇನ್ನರ್‌ಎಚ್‌ಟಿಎಂಎಲ್ ಬೇಡ, ಕಡತದಲ್ಲಿ ಯಾರಾದರೂ ಟ್ಯಾಗ್ ತುರುಕಿದ್ದರೆ ಅದೂ ಪುಟದಲ್ಲಿ ಜೀವ ಪಡೆಯುತ್ತದೆ. ಕಡತದಲ್ಲಿ ಮುಚ್ಚದ ಟ್ಯಾಗ್ ಒಂದಿದ್ದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ: ಡಾಮ್‌ಪಾರ್ಸರ್ ಕೋಡನ್ನು ತಡೆದು ನಿಲ್ಲಿಸುವ ಎಕ್ಸೆಪ್ಶನ್ ಎಸೆಯುವುದಿಲ್ಲ, ಪಾರ್ಸರ್‌ಎರರ್ ಎಂಬ ಎಲಿಮೆಂಟ್ ಇರುವ ಡಾಕ್ಯುಮೆಂಟನ್ನು ಸುಮ್ಮನೆ ಕೈಗಿಡುತ್ತದೆ. ಅದನ್ನು ನೋಡದೆ ಮುಂದೆ ಹೋದವರಿಗೆ ಮತ್ತೆ ಅದೇ ಖಾಲಿ ಟೇಬಲ್.