ಉಪ್ಪೊಂದೇ ಕಾರಣವಲ್ಲ

ಅಮೆರಿಕದ ಚಳಿ ಊರಾದ ಮಿನಿಯಾಪೊಲಿಸ್‌ನಲ್ಲಿ ಅಕ್ಟೋಬರ್ ಕೊನೆಗೆ ಹಾಕಿಸಿದ ಕಾಂಕ್ರೀಟ್ ಕಾಲುದಾರಿ ಮೊದಲ ಚಳಿಗಾಲಕ್ಕೇ ಚಕ್ಕೆ ಏಳುತ್ತಿದೆ, ಗುತ್ತಿಗೆದಾರರು ಮಂಜು ಕರಗಿಸಲು ಹಾಕುವ ಉಪ್ಪನ್ನು ದೂರುತ್ತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ ಅಷ್ಟೇ.

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕಲ್ವಾ? ಅದಕ್ಕೇ ಚಳಿ ಊರುಗಳಲ್ಲಿ ಕಾಂಕ್ರೀಟಿನೊಳಗೆ ಸಣ್ಣ ಗಾಳಿಗುಳ್ಳೆಗಳು ಉಳಿಯುವಂತೆ ಮಾಡುತ್ತಾರೆ, ಸಾಮಾನ್ಯವಾಗಿ ಶೇ. 6ರ ಆಸುಪಾಸು. ಕಾಂಕ್ರೀಟ್ ಲಾರಿ ಜೊತೆ ಬಂದ ಬ್ಯಾಚ್ ಟಿಕೆಟ್, ಅಂದರೆ ಮಿಶ್ರಣದಲ್ಲಿ ಏನೇನು ಎಷ್ಟಿದೆ ಅಂತ ಬರೆದ ಚೀಟಿ, ಕೇಳಿ ಪಡೆಯಿರಿ. ನೀರು-ಸಿಮೆಂಟ್ ಅನುಪಾತ 0.45 ದಾಟಿರಬಾರದು.

ಟಿಕೆಟ್ ಸರಿಯಿದ್ದರೆ ಕೆಲಸದ ರೀತಿ ವಿಚಾರಿಸಿ. ನನಗೆ ಅನುಮಾನ ಇಲ್ಲೇ ಜಾಸ್ತಿ. ಮೇಲೆ ತೇಲಿದ ನೀರು ಆರುವ ಮೊದಲೇ ಕರಣೆ ಆಡಿಸಿದರೆ, ಇಲ್ಲವೇ ನುಣುಪಾಗಲಿ ಅಂತ ನೀರು ಚಿಮುಕಿಸಿದರೆ, ಮೇಲ್ಪದರ ಸೊರಗುತ್ತದೆ. ಹಾಕಿದ ಮೇಲೆ ಕಂಬಳಿ ಹೊದಿಸಿ ಬೆಚ್ಚಗಿಟ್ಟಿದ್ದರಾ ಅಂತಲೂ ಕೇಳಿ. ಎಳೆ ಕಾಂಕ್ರೀಟ್ ಚಳಿಗೆ ಬಲ ಕಟ್ಟಿಕೊಳ್ಳುವುದು ತುಂಬಾ ನಿಧಾನ.

ಉಪ್ಪು ಮಂಜನ್ನು ಕರಗಿಸಿ ಕಾಂಕ್ರೀಟಿಗೆ ನೀರು ಕುಡಿಸುತ್ತದೆ, ಅದು ಮತ್ತೆ ಹೆಪ್ಪುಗಟ್ಟುತ್ತದೆ. ಈ ಚಳಿಗಾಲ ಕಾಲು ಜಾರದಂತೆ ಮರಳು ಮಾತ್ರ ಹಾಕಿ. ಮಂಜು ಕರಗಿಸುವ ಅಮೋನಿಯಂ ಪುಡಿಯಂತೂ ಯಾವತ್ತೂ ಬೇಡ, ಅದು ಕಾಂಕ್ರೀಟನ್ನೇ ತಿನ್ನುತ್ತದೆ.

ಬೇಸಿಗೆಯಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಸಿಲೇನ್ ಸೀಲರ್ (ನೀರು ಒಳಗಿಳಿಯದಂತೆ ತಡೆಯುವ ದ್ರವ) ಬಳಿಸಿ. ಸುಮ್ನೆ ತೆಳ್ಳಗೆ ಸಿಮೆಂಟ್ ಸವರುತ್ತೇನೆ ಅಂದರೆ ಒಪ್ಪಬೇಡಿ, ಅದೂ ಕಿತ್ತು ಬರುವ ಸಾಧ್ಯತೆಯೇ ಹೆಚ್ಚು.