ಓದುಗರ ಪ್ರಶ್ನೆ, ಸಂಗ್ರಹಕಾರರ ಉತ್ತರ: ಕಂಪನಿ ಕಾಲದ ಬೆಳ್ಳಿ ಚಮಚ

ಪ್ರಶ್ನೆ (ಸುರಪುರದ ಗೃಹಿಣಿಯೊಬ್ಬರಿಂದ): ನಮ್ಮ ಅತ್ತೆಯವರ ಟ್ರಂಕಿನಲ್ಲಿ ಆರು ದೊಡ್ಡ ಚಮಚಗಳು ಸಿಕ್ಕಿವೆ. ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಟೇಲರ್ ಸಾಹೇಬರ ಕಾಲದವು ಎಂದು ಮನೆಯಲ್ಲಿ ಹೇಳುತ್ತಾರೆ. ಸರಾಫರು ಮೂರನ್ನು ಬೆಳ್ಳಿಯ ತೂಕಕ್ಕೆ ಕೇಳಿದ್ದಾರೆ, ಉಳಿದ ಮೂರು ಬೇಡವೆಂದರು. ಕೊಡಬಹುದೇ? ಮುದ್ರೆಗಳ ಚಿತ್ರ ಕಳಿಸಿದ್ದೇನೆ.

ಉತ್ತರ: ಕೊಡಬೇಡಿ ತಾಯಿ. ತೂಕಕ್ಕೆ ಕೊಟ್ಟ ಚಮಚ ಸೀದಾ ಮೂಸೆಗೆ ಹೋಗುತ್ತದೆ, ಮತ್ತೆ ಹುಟ್ಟುವುದಿಲ್ಲ.

ನಿಮ್ಮ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೊದಲ ಮೂರರ ಹಿಡಿಕೆಯ ಹಿಂದೆ ಸಾಲಾಗಿ ಐದು ಪುಟ್ಟ ಮುದ್ರೆಗಳಿವೆ. ಮುಂಗಾಲೆತ್ತಿ ನಡೆಯುತ್ತಿರುವ ಸಿಂಹವೆಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ಮುಖ ಲಂಡನ್ನಿನಲ್ಲಿ ಬೆಳ್ಳಿಯ ಶುದ್ಧತೆ ನೋಡುವ ಪರೀಕ್ಷಾ ಕಚೇರಿಯದು. ಬರ್ಮಿಂಗ್‌ಹ್ಯಾಮ್ ಆಗಿದ್ದರೆ ಲಂಗರು ಇರುತ್ತಿತ್ತು. ರಾಣಿಯ ತಲೆ ಸುಂಕ ಕಟ್ಟಿದ ಗುರುತು. ದೊರೆಯ ತಲೆಯ ಈ ಮುದ್ರೆ 1784ರಲ್ಲಿ ಶುರುವಾಗಿ 1890ಕ್ಕೆ ನಿಂತಿತು. ಎರಡಕ್ಷರದ ಮುದ್ರೆ ತಯಾರಕನದು. ಉಳಿದದ್ದು ಹಳೆಯ ಗಾಥಿಕ್ ಲಿಪಿಯ ದೊಡ್ಡ 'ಎಂ'. ಲಂಡನ್ನಿನಲ್ಲಿ ಪ್ರತಿ ವರ್ಷ ಅಕ್ಷರ ಬದಲಾಗುತ್ತಿತ್ತು, ಒಂದು ಸುತ್ತು ಮುಗಿದ ಮೇಲೆ ಲಿಪಿಯೇ ಬೇರೆಯಾಗುತ್ತಿತ್ತು. ಈ ಲಿಪಿಯ ಸುತ್ತು 1836ರಲ್ಲಿ ಶುರುವಾಗಿದ್ದರಿಂದ, ಸುತ್ತಿನಲ್ಲಿಲ್ಲದ 'ಜೆ' ಬಿಟ್ಟು ಎಣಿಸಿದರೆ ನಿಮ್ಮ 'ಎಂ' 1847-48ರದು.

ಮೆಡೋಸ್ ಟೇಲರ್ ಸುರಪುರದಲ್ಲಿ ಇದ್ದದ್ದು 1841ರಿಂದ 1853ರವರೆಗೆ. ಅಂದರೆ ಮನೆಯವರ ಮಾತಿಗೂ ಚಮಚದ ವಯಸ್ಸಿಗೂ ತಾಳೆಯಾಗುತ್ತದೆ. ಆದರೆ ಅವು ಅವರ ಮೇಜಿನವೇ ಎಂದು ಮುದ್ರೆ ಹೇಳುವುದಿಲ್ಲ. ಅದಕ್ಕೆ ಹಿಡಿಕೆಯ ಮುಂಭಾಗದಲ್ಲಿ ಮನೆತನದ ಲಾಂಛನವೋ ಹೆಸರಿನ ಅಕ್ಷರವೋ ಇರಬೇಕು. ಇಲ್ಲದಿದ್ದರೆ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿ. ಸುತ್ತಲಿಗಿಂತ ತೆಳುವೆನಿಸಿದರೆ ಯಾರೋ ಕೆತ್ತನೆಯನ್ನು ಉಜ್ಜಿ ತೆಗೆದಿದ್ದಾರೆ. ಬಟ್ಟಲಿನ ತುದಿಯನ್ನೂ ನೋಡಿ: ಬಲಗೈಯಲ್ಲಿ ವರ್ಷಗಟ್ಟಲೆ ಉಂಡವರ ಚಮಚ ಎಡಬದಿಗೆ ಸವೆದಿರುತ್ತದೆ. ಆ ಸವೆತವನ್ನು ಪಾಲಿಶ್ ಮಾಡಿಸಿ ಸರಿಪಡಿಸಲು ಹೋಗಬೇಡಿ. ನನಗಂತೂ ಅದೇ ಚಮಚದ ಜೀವ.

ಉಳಿದ ಮೂರರ ಮೇಲಿರುವ ಇ.ಪಿ.ಎನ್.ಎಸ್. ಎಂದರೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟ ಮಿಶ್ರಲೋಹ. ನಾವು ಜರ್ಮನ್ ಸಿಲ್ವರ್ ಎನ್ನುತ್ತೇವಲ್ಲ, ಅದೇ ಒಳಗಿರುವುದು: ತಾಮ್ರ, ನಿಕಲ್, ಸತು. 1840ರಲ್ಲಿ ಎಲ್ಕಿಂಗ್ಟನ್ ಕಂಪನಿ ಈ ಲೇಪದ ಪೇಟೆಂಟ್ ಪಡೆದ ಮೇಲೆ ಇಂಥವು ರಾಶಿರಾಶಿಯಾಗಿ ಬಂದವು. ಬೆಲೆ ಕಡಿಮೆಯೆಂದು ಎಸೆಯಬೇಡಿ, ದಿನಬಳಕೆಗೆ ಇವು ಬಹಳ ಚೆನ್ನ.

ಪ್ರಶ್ನೆ (ಬೀದರಿನ ಯುವಕರೊಬ್ಬರಿಂದ): ನಾನು ಕೊಂಡ ಎರಡು ಹಳೆಯ ಚಮಚಗಳಲ್ಲಿ ಒಂದರ ಮೇಲೆ ಸಿಂಹದ ಬದಲು ಆನೆ ಇದೆ. ಇನ್ನೊಂದರ ಮೇಲೆ ಮುದ್ರೆಯೇ ಇಲ್ಲ. ಯಂತ್ರದಲ್ಲಿ ಪರೀಕ್ಷಿಸಿದರೆ ಬೆಳ್ಳಿ ನೂರಕ್ಕೆ 82 ಮಾತ್ರ ಬಂತು. ಮೋಸ ಹೋದೆನೇ?

ಉತ್ತರ: ಹಾಗೆಂದು ಈಗಲೇ ಬೇಸರಪಡಬೇಡಿ. ಇಂಗ್ಲೆಂಡಿನಂಥ ಪರೀಕ್ಷಾ ಕಚೇರಿ ಆಗ ನಮ್ಮಲ್ಲಿ ಇರಲಿಲ್ಲ. ಕಲ್ಕತ್ತೆ, ಮದರಾಸಿನ ಯುರೋಪಿಯನ್ ಅಂಗಡಿಗಳು ತಮ್ಮದೇ ಛಾಪು ಒತ್ತುತ್ತಿದ್ದವು. ಆನೆ ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯ ಮುದ್ರೆಗಳಲ್ಲೊಂದು. ಪಕ್ಕದಲ್ಲಿ ಕಂಪನಿಯ ಹೆಸರಿನ ಅಕ್ಷರಗಳಿವೆಯೇ ನೋಡಿ. ಮದರಾಸಿನ ಪಿ. ಓರ್ (P. Orr) ಅಂಡ್ ಸನ್ಸ್ ಅಂಗಡಿಯವರು ಹೆಸರನ್ನೇ ಒತ್ತುತ್ತಿದ್ದರು.

ಎರಡನೆಯದು ನನಗೆ ಇನ್ನೂ ಪ್ರಿಯ. ಅಕ್ಕಸಾಲಿಗರು ಗಿರಾಕಿ ತಂದ ರೂಪಾಯಿಗಳನ್ನೇ ಕರಗಿಸಿ ಸಾಮಾನು ಮಾಡಿಕೊಡುವ ರೂಢಿಯಿತ್ತು. ಬ್ರಿಟಿಷ್ ರೂಪಾಯಿಯಲ್ಲಿ ನೂರಕ್ಕೆ 91.7 ಬೆಳ್ಳಿ, ತೂಕ ಸರಿಯಾಗಿ ಒಂದು ತೊಲ. ನಮ್ಮದು ನಿಜಾಮರ ಸೀಮೆ. ಇಲ್ಲಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅದರಲ್ಲಿ ಬೆಳ್ಳಿ ನೂರಕ್ಕೆ 81.8. ನಿಮ್ಮ 82ಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ! ಸಾಹೇಬರ ಚಮಚವನ್ನು ಮಾದರಿಯಾಗಿಟ್ಟುಕೊಂಡು ನಮ್ಮ ಕಡೆಯವರೇ ಹಾಲಿ ರೂಪಾಯಿಯಿಂದ ಮಾಡಿದ್ದಿರಬಹುದು. ಹಿಡಿಕೆಯ ಅಂಚಿನಲ್ಲಿ ಸುತ್ತಿಗೆಯ ಪೆಟ್ಟಿನ ಗುರುತುಗಳಿದ್ದರೆ ದಯವಿಟ್ಟು ನನಗೆ ಚಿತ್ರ ಕಳಿಸಿ. ಇಂಥವನ್ನೇ ಯಾರೂ ಕೂಡಿಡುತ್ತಿಲ್ಲ.

ಪ್ರಶ್ನೆ (ಕಲಬುರಗಿಯ ನಿವೃತ್ತ ಶಿಕ್ಷಕರೊಬ್ಬರಿಂದ): ಕಪ್ಪಾದ ಚಮಚವನ್ನು ಟೂತ್‌ಪೇಸ್ಟಿನಿಂದ ತಿಕ್ಕಬಹುದೇ? ವಿದೇಶದಲ್ಲಿರುವ ಮಗನಿಗೆ ಕಳಿಸಬೇಕೆಂದಿದ್ದೇನೆ.

ಉತ್ತರ: ಟೂತ್‌ಪೇಸ್ಟ್ ಬೇಡವೇ ಬೇಡ ಸರ್, ಅದು ಬೆಳ್ಳಿಯನ್ನೇ ಕೆರೆಯುತ್ತದೆ. ಕಪ್ಪಾಗುವುದು ಗಂಧಕದಿಂದ, ಮೊಟ್ಟೆ, ಈರುಳ್ಳಿ, ರಬ್ಬರ್ ಬ್ಯಾಂಡ್ ಎಲ್ಲದರಲ್ಲೂ ಅದಿದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಚಮಚ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದರೆ ಕಪ್ಪು ಬಿಡುತ್ತದೆ. ಕೆತ್ತನೆಯ ಸಂದಿನ ಕಪ್ಪೂ ಹೋಗಿಬಿಡುವುದರಿಂದ ಚಿತ್ತಾರದ ಚಮಚಕ್ಕೆ ಮೆತ್ತನೆಯ ಬಟ್ಟೆಯೊಂದೇ ಸಾಕು. ಬಿದ್ರಿ ಸಾಮಾನಿಗಂತೂ ಈ ಉಪಾಯ ಮಾಡಲೇಬೇಡಿ. ಅದರ ಕಪ್ಪು ಬೀದರ್ ಕೋಟೆಯ ಮಣ್ಣಿನಿಂದ ಬೇಕೆಂದೇ ತರಿಸಿದ್ದು.

ಉಪ್ಪಿನಲ್ಲಿ ಚಮಚ ಬಿಡಬೇಡಿ. ನನ್ನ ಬಳಿ ಕಲಬುರಗಿಯ ಸರಾಫ್ ಬಜಾರಿನಲ್ಲಿ ಕರಗಿಸುವ ರಾಶಿಯಿಂದ ಎತ್ತಿಕೊಂಡ ಉಪ್ಪಿನ ಪುಟ್ಟ ಚಮಚವಿದೆ. ಉಪ್ಪು ತಿನ್ನದಿರಲೆಂದು ಬಟ್ಟಲಿನೊಳಗೆ ಚಿನ್ನದ ನೀರು ಕೊಟ್ಟಿದ್ದರು. ಅದು ಅಳಿಸಿದ ಕಡೆಯಲ್ಲೆಲ್ಲ ಸಾಸಿವೆಗಿಂತ ಸಣ್ಣ ಕುಳಿಗಳು ಬಿದ್ದಿವೆ.

ಮಗನಿಗೆ ಕಳಿಸುವ ಮೊದಲು ಮುದ್ರೆ ಓದಿ ವರ್ಷ ಗೊತ್ತುಮಾಡಿಕೊಳ್ಳಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಗ ಊರಿಗೆ ಬಂದಾಗ ಇಲ್ಲಿಯೇ ಅವರ ಕೈಗೆ ಕೊಡಿ.