ಕೋಲಾರದ ಮಾರ್ಕೆಟ್‌ನಲ್ಲಿ ‘ಮರಿ ಶಾರ್ಕ್’ ಅಂತ ಕೊಡುವ ಮೀನು ನಿಜಕ್ಕೂ ಶಾರ್ಕೇನಾ? ನೋಡಿ ಗುರುತಿಸುವುದು ಹೇಗೆ?

ಮೊದಲು ತಲೆಯ ಪಕ್ಕ ನೋಡಿ. ನಮ್ಮ ಕೆರೆಗಳ ಕಾಟ್ಲಾ, ರೋಹುಗಳಲ್ಲಿ ಕಿವಿರಿನ ಮೇಲೆ ಗಟ್ಟಿ ಮುಚ್ಚಳ ಇರುತ್ತದೆ ಅಲ್ವಾ? ಶಾರ್ಕ್‌ಗೆ ಆ ಮುಚ್ಚಳವೇ ಇಲ್ಲ. ಬದಲಿಗೆ ಎರಡೂ ಪಕ್ಕ ಸಾಲಾಗಿ ಸೀಳುಗಳು. ಹೆಚ್ಚಿನವಕ್ಕೆ 5, ಕೆಲವಕ್ಕೆ 6 ಅಥವಾ 7.

ತಲೆ ಕತ್ತರಿಸಿಟ್ಟಿದ್ದರೆ ಚರ್ಮ ಸವರಿ. ಬಾಲದ ಕಡೆಗೆ ಸವರಿದರೆ ನುಣುಪು, ತಲೆಯ ಕಡೆಗೆ ಸವರಿದರೆ ಸ್ಯಾಂಡ್‌ಪೇಪರ್! ಅಲ್ಲಿರುವುದು ಮಾಮೂಲಿ ಹುರುಪೆ ಅಲ್ಲ, ಪುಟಾಣಿ ಹಲ್ಲುಗಳು. ಸುಮ್ನೆ ಹೇಳುವ ಮಾತಲ್ಲ ಇದು. ಒಳಗೆ ತಿರುಳು, ಅದರ ಸುತ್ತ ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಭಾಗ), ಮೇಲೆ ಎನಾಮಲ್‌ನಂಥ ಗಟ್ಟಿ ಪದರ, ಎಲ್ಲವೂ ಇದೆ. ತುದಿಗಳು ಬಾಲದ ಕಡೆಗೆ ಬಾಗಿರುವುದರಿಂದ ಈಜುವಾಗ ನೀರಿನ ತಡೆ ಕಡಿಮೆ. ಹುರುಪೆ ಕಾಣಲಿಲ್ಲ ಅಂತ ಮಾತ್ರ ಶಾರ್ಕ್ ಎಂದು ನಂಬಬೇಡಿ, ಕ್ಯಾಟ್‌ಫಿಶ್‌ಗೂ ಹುರುಪೆ ಇರುವುದಿಲ್ಲ. ಆದರೆ ಅದರ ಚರ್ಮ ಜಾರುತ್ತದೆ.

ಬಾಯಿ ಸಾಮಾನ್ಯವಾಗಿ ಮೂತಿಯ ಕೆಳಗಿರುತ್ತದೆ. ಬಾಲದ ಮೇಲಿನ ಭಾಗ ಜಾಸ್ತಿ ಉದ್ದ. ಗಂಡಾದರೆ ಹೊಟ್ಟೆಯ ಕಡೆಯ ರೆಕ್ಕೆಗಳ ಪಕ್ಕ ಉದ್ದನೆಯ ಎರಡು ಅಂಗಗಳಿರುತ್ತವೆ, ಕೂಡುವಾಗ ವೀರ್ಯ ದಾಟಿಸಲು.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ, ಮೀನನ್ನು ಮಗುಚಿ. ಸೀಳುಗಳು ಪಕ್ಕದಲ್ಲಿಲ್ಲದೆ ಅಡಿಯಲ್ಲಿದ್ದರೆ ಅದು ಶಾರ್ಕ್‌ನ ನೆಂಟ ತೊರಕೆ (ರೇ ಮೀನು).